ಹೆಲ್ತ್ ಬಾರ್ ಇಲ್ಲದ ಬಾಸ್

ಬಾಸ್ ಫೈಟ್ ಶುರುವಾದ ಕೂಡಲೇ ನಾವೆಲ್ಲ ಮೊದಲು ನೋಡೋದು ಪರದೆಯ ಮೇಲಿನ ಕೆಂಪು ಪಟ್ಟಿ. ರಾಕ್ಷಸನಿಗೆ ಎಷ್ಟು ತಲೆ, ಎಷ್ಟು ಬಾಲ ಅನ್ನೋದೆಲ್ಲ ಆಮೇಲೆ. ಆ ಪಟ್ಟಿ ಕಂಡರೆ ಅರ್ಧ ಧೈರ್ಯ ಬಂದ ಹಾಗೆ. ಒಂದು ಏಟಿಗೆ ಅದು ಕೂದಲೆಳೆಯಷ್ಟು ಇಳಿದರೂ ಸಾಕು, ನಮ್ಮ ರೂಮಿನ ಮೆಕ್ಯಾನಿಕಲ್ ಗೆಳೆಯ ಲೆಕ್ಕ ಹಾಕಿ ಹೇಳಿಬಿಡ್ತಾನೆ: "ಇನ್ನು ಇನ್ನೂರು ಏಟು ಮಗಾ, ಸತ್ತ." ಇನ್ನೂರು ಏಟು ಹಾಕೋ ಹೊತ್ತಿಗೆ ರಾತ್ರಿ ಮೂರು ಗಂಟೆ ಆಗಿರಬಹುದು, ಮರುದಿನ ಬೆಳಗಿನ ಕ್ಲಾಸಲ್ಲಿ ತೂಕಡಿಕೆ ಬರಬಹುದು. ಆದ್ರೆ ಅದು ಉತ್ತರ ಇರೋ ಲೆಕ್ಕ ಅನ್ನೋದು ಗೊತ್ತಾಗಿರುತ್ತೆ.

ಹಾಸ್ಟೆಲ್‌ನಲ್ಲಿ ನಾವು ನಾಲ್ಕು ಜನ. ಸಿಎಸ್ ಇಬ್ಬರು, ಮೆಕ್ಯಾನಿಕಲ್ ಒಬ್ಬ, ಇ ಅಂಡ್ ಸಿ ಒಬ್ಬ. ಒಂದು ಲ್ಯಾಪ್‌ಟಾಪ್, ಒಂದು ಹಳೇ ಕಂಟ್ರೋಲರ್ ಇಟ್ಕೊಂಡು ಎರಡು ವರ್ಷದಿಂದ ಪಾಳಿ ಮೇಲೆ ಆಡ್ತಾ ಇದ್ದೀವಿ. ಹೆಚ್ಚಾಗಿ ಆಡಿದ್ದು ಕಾಸ್ಮಿಕ್ ಹಾರರ್ ಅಂತಾರಲ್ಲ, ಆ ಜಾತಿಯ ಗೇಮ್‌ಗಳನ್ನ. ಇವುಗಳಲ್ಲಿ ಒಂದು ವಿಚಿತ್ರ ತೊಡಕಿದೆ. ಎದುರಿಗಿರೋದನ್ನ ಯಾವ ಮನುಷ್ಯನೂ ಸೋಲಿಸೋಕಾಗಲ್ಲ ಅಂತ ಕಥೆ ಹೇಳುತ್ತೆ. ಗೇಮ್ ಮಾತ್ರ ನಮ್ಮ ಕೈಗೆ ಕಂಟ್ರೋಲರ್ ಕೊಟ್ಟು ಗೆಲ್ಲು ಅನ್ನುತ್ತೆ. ಎರಡೂ ಒಟ್ಟಿಗೆ ಹೇಗೆ ನಡೀಬೇಕು? ಅಲ್ಲಲ್ಲಿ ಕಥೆಯ ಗುಟ್ಟು ಬಿಟ್ಟುಕೊಡ್ತೀವಿ, ಈಗಲೇ ಹೇಳಿಬಿಟ್ಟಿದ್ದೀವಿ.

ಈ ಕಥೆಗಳಿಗೆಲ್ಲ ದೊಡ್ಡಜ್ಜ ಅಮೆರಿಕದ ಎಚ್. ಪಿ. ಲವ್‌ಕ್ರಾಫ್ಟ್. ಅವನ 'ದಿ ಕಾಲ್ ಆಫ್ ಕ್ಥುಲು' 1928ರಲ್ಲಿ 'ವಿಯರ್ಡ್ ಟೇಲ್ಸ್' ಪತ್ರಿಕೆಯಲ್ಲಿ ಬಂತು. ಸಮುದ್ರದ ಅಡಿಯ ಊರಲ್ಲಿ ಮಲಗಿದ್ದ ಕ್ಥುಲು ಅದರಲ್ಲಿ ಒಮ್ಮೆ ಎದ್ದು ಬರುತ್ತೆ. ಯೋಹಾನ್ಸನ್ ಅನ್ನೋ ನಾವಿಕ ಬೇರೆ ದಾರಿ ಕಾಣದೆ ಹಡಗನ್ನೇ ತಿರುಗಿಸಿ ಅದರ ತಲೆಗೆ ಗುದ್ದಿಸ್ತಾನೆ. ತಲೆ ಒಡೆಯುತ್ತೆ. ಆದ್ರೆ ಹಡಗು ದೂರ ಸಾಗ್ತಿದ್ದ ಹಾಗೇ ಆ ಚೂರುಗಳು ಮತ್ತೆ ಕೂಡಿಕೊಳ್ಳೋಕೆ ಶುರುವಾಗುತ್ತೆ. ಯೋಹಾನ್ಸನ್ ಊರು ಸೇರ್ತಾನೆ, ಮೊದಲಿನ ಮನುಷ್ಯ ಆಗಿ ಉಳಿದಿರಲ್ಲ. ಇಂಥ ಕಥೆಗಳಲ್ಲಿ ಆ ದೈತ್ಯಗಳಿಗೆ ನಮ್ಮ ಮೇಲೆ ದ್ವೇಷವೂ ಇರಲ್ಲ. ನಾವು ನಡೆಯುವಾಗ ಕಾಲಡಿಗೆ ಇರುವೆ ಸಿಕ್ಕರೆ ನಮಗೆ ಗೊತ್ತಾಗುತ್ತಾ? ಅಷ್ಟೇ.

ಇಂಥದ್ದನ್ನ ಗೇಮ್ ಮಾಡೋ ಕಷ್ಟ ಕೋಡ್ ಬರೆಯೋರಿಗೆ ಬೇಗ ಅರ್ಥ ಆಗುತ್ತೆ. ರಾಕ್ಷಸ ಅಂತ ಒಂದು ಕ್ಲಾಸ್ ಬರೆದ್ರೆ ಅದಕ್ಕೊಂದು ಹೆಲ್ತ್ ವೇರಿಯಬಲ್ ಇಡಬೇಕು. ಸಂಖ್ಯೆ ಇಟ್ಟ ಮೇಲೆ ಯಾವನೋ ಒಬ್ಬ ಅದನ್ನ ಸೊನ್ನೆಗೆ ಇಳಿಸೇ ಇಳಿಸ್ತಾನೆ. 1980ರಲ್ಲಿ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಆಟಕ್ಕೆ ಬಂದ 'ಡೀಟೀಸ್ ಅಂಡ್ ಡೆಮಿಗಾಡ್ಸ್' ಪುಸ್ತಕ ಕ್ಥುಲುವಿಗೂ ಹಿಟ್ ಪಾಯಿಂಟ್ ಕೊಟ್ಟು ಅಚ್ಚು ಹಾಕಿತ್ತು. ನಮ್ಮ ಇಂದ್ರನಿಗೂ ಅದೇ ಪುಸ್ತಕದಲ್ಲಿ ಹಿಟ್ ಪಾಯಿಂಟ್ ಇದೆ! ಆಮೇಲೆ ಬ್ರಹ್ಮಾಂಡದ ಭಯ ಎಲ್ಲಿ ಉಳೀತು? ಅದೂ ಇನ್ನೂರು ಏಟಿನ ಲೆಕ್ಕವೇ ಆಯ್ತು.

ಮರುವರ್ಷ, 1981ರಲ್ಲಿ, ಸ್ಯಾಂಡಿ ಪೀಟರ್ಸನ್ ರೂಪಿಸಿದ 'ಕಾಲ್ ಆಫ್ ಕ್ಥುಲು' ಅನ್ನೋ ಟೇಬಲ್ ಆಟವನ್ನ ಕೇಯಾಸಿಯಮ್ ಹೊರತಂದಿತು. ಕ್ಥುಲುವಿಗೆ ಅದರಲ್ಲೂ ಸಂಖ್ಯೆಗಳಿವೆ. ಆದ್ರೆ ಆಟದ ಭಾರ ಎಲ್ಲ ಇನ್ನೊಂದು ಸಂಖ್ಯೆ ಮೇಲೆ ಬಿತ್ತು: ಆಡೋನ ಸ್ಯಾನಿಟಿ, ಅಂದ್ರೆ ಬುದ್ಧಿಯ ಸ್ತಿಮಿತ. ಕ್ಥುಲುವನ್ನ ಸುಮ್ನೆ ನೋಡಿದ್ರೇ ಸಾಕು, ದಾಳ ಹಾಕಬೇಕು. ಅದೃಷ್ಟ ಇದ್ರೆ ಹತ್ತರ ಒಳಗೆ ಕಳ್ಕೋತೀವಿ, ಇಲ್ಲದಿದ್ರೆ ನೂರರವರೆಗೂ ಹೋಗಬಹುದು. ನಮಗೆ ಇನ್ನೂ ಇಷ್ಟವಾದ ನಿಯಮ ಬೇರೆ. ಈ ದೈತ್ಯಗಳ ಬಗ್ಗೆ ನಿಮ್ಮ ತಿಳಿವಳಿಕೆ ಎಷ್ಟೋ ಅಷ್ಟನ್ನ 99ರಿಂದ ಕಳೀಬೇಕು. ನಿಮ್ಮ ಸ್ಯಾನಿಟಿ ಯಾವತ್ತೂ ಆ ಮಿತಿ ದಾಟಲ್ಲ. ಓದಿದಷ್ಟೂ ಮಿತಿ ಇಳಿಯುತ್ತೆ. ಇಂಟರ್ನಲ್ಸ್ ವಾರದಲ್ಲಿ ಈ ಸೂತ್ರಕ್ಕೆ ಪುರಾವೆ ಬೇಕಿಲ್ಲ.

2005ರ 'ಆರ್ಕಮ್ ಹಾರರ್' ಬೋರ್ಡ್ ಗೇಮ್ ಇನ್ನೂ ನೇರ. ಅದರಲ್ಲಿ ಅಜಥಾತ್ ಅನ್ನೋ ದೈತ್ಯನ ಕಾರ್ಡ್ ಮೇಲೆ ಕಾದಾಟದ ಅಂಕ ಅಂತ ಅಚ್ಚಾಗಿರೋದು ಮೈನಸ್ ಇನ್‌ಫಿನಿಟಿ. ಅದು ಎದ್ದರೆ ಕೊನೇ ಯುದ್ಧವೇ ಇಲ್ಲ, ಎಲ್ಲರೂ ಸೋತ ಹಾಗೆ. ಆಡೋರು ಮಾಡಬಹುದಾದ ಕೆಲಸ ಒಂದೇ, ಎಲ್ಲ ಸೇರಿ ಊರಿನ ದ್ವಾರಗಳನ್ನ ಮುಚ್ಚುತ್ತಾ ಅದು ಏಳದ ಹಾಗೆ ನೋಡಿಕೊಳ್ಳೋದು.

ವಿಡಿಯೋ ಗೇಮ್‌ಗಳು ಇದೇ ಯೋಚನೆಯನ್ನ ಬೇರೆ ಬೇರೆ ಕಡೆ ಎಳೆದವು. 2002ರಲ್ಲಿ ಗೇಮ್‌ಕ್ಯೂಬ್‌ಗೆ ಬಂದ 'ಎಟರ್ನಲ್ ಡಾರ್ಕ್‌ನೆಸ್' ಪಾತ್ರದ ಬುದ್ಧಿ ಜೊತೆಗೆ ಆಡೋನ ಬುದ್ಧಿಗೂ ಕೈ ಹಾಕ್ತು. ಸ್ಯಾನಿಟಿ ಇಳಿದ ಹಾಗೆ ಟಿವಿಯ ವಾಲ್ಯೂಮ್ ತಾನಾಗೇ ಕಮ್ಮಿ ಆದಂಗೆ, ಸೇವ್ ಫೈಲ್‌ಗಳೆಲ್ಲ ಅಳಿಸಿ ಹೋದಂಗೆ ಪರದೆ ನಾಟಕ ಆಡುತ್ತೆ. ಇದರ ವಿಡಿಯೋ ನೋಡ್ತಾ ಸೇವ್ ಫೈಲ್ ಹೋಯ್ತು ಅಂದಾಗ ನಮ್ಮ ಸಿಎಸ್ ಇಬ್ಬರಿಗೂ ಯಾವ ಭೂತ ಕಂಡಾಗಲೂ ಆಗದಷ್ಟು ಸಂಕಟ ಆಯ್ತು. 2010ರ 'ಅಮ್ನೀಸಿಯಾ: ದಿ ಡಾರ್ಕ್ ಡಿಸೆಂಟ್' ಆಯುಧವನ್ನೇ ಕಿತ್ಕೊಂಡಿತು. ಅಲ್ಲಿ ಓಡಬೇಕು, ಅವಿತುಕೊಳ್ಳಬೇಕು. ರಾಕ್ಷಸನನ್ನ ದಿಟ್ಟಿಸಿ ನೋಡಿದ್ರೂ ತಲೆ ಕೆಡುತ್ತೆ. ನೀರು ನಿಂತ ನೆಲಮಾಳಿಗೆಯಲ್ಲಿ ಒಂದು ಕಾಣದ ಪ್ರಾಣಿ ಬೆನ್ನಟ್ಟುತ್ತೆ. ನಮಗೆ ಕಾಣೋದು ನೀರು ಚಿಮ್ಮೋದು ಮಾತ್ರ. ಹೆಲ್ತ್ ಬಾರ್ ಇರಲಿ, ಮೈಯೇ ಇಲ್ಲ ಅದಕ್ಕೆ. ಪೆಟ್ಟಿಗೆಯಿಂದ ಪೆಟ್ಟಿಗೆಗೆ ಹಾರ್ತಾ ದಾಟಬೇಕು.

ಹಾಗಂತ ಕೊಲ್ಲೋಕೆ ಬಿಡೋ ಗೇಮ್‌ಗಳೆಲ್ಲ ಸುಳ್ಳು ಅಂತ ನಾವು ಹೇಳಲ್ಲ. 2015ರ 'ಬ್ಲಡ್‌ಬೋರ್ನ್'ನಲ್ಲಿ ದೈತ್ಯಗಳಿಗೆ ಹೆಲ್ತ್ ಬಾರ್ ಇದೆ, ಅವು ಸಾಯ್ತವೆ ಕೂಡ. ಆದ್ರೆ ಅಲ್ಲಿ ಇನ್‌ಸೈಟ್ ಅಂತ ಒಂದು ಅಂಕ ಇದೆ. ಅದು ಸಾಕಷ್ಟು ಏರಿದಾಗ, ನಾವು ಹತ್ತಾರು ಸಲ ಓಡಾಡಿದ್ದ ಅದೇ ಚಾಪೆಲ್‌ನ ಗೋಡೆಗೆ ಒಂದು ದೊಡ್ಡ ಜೀವ ಅಂಟಿಕೊಂಡು ಕೂತಿರೋದು ಕಾಣುತ್ತೆ. ಮೊದಲಿಂದಲೂ ಅದು ಅಲ್ಲೇ ಇತ್ತು, ಕಣ್ಣು ಈಗ ಬಂತು ಅಷ್ಟೇ. ಕೊಂದು ಕೊಂದು ಮುಂದೆ ಹೋದವನು ಒಂದು ಅಂತ್ಯದಲ್ಲಿ ತಾನೇ ಆ ಜಾತಿಗೆ ಸೇರಿಬಿಡ್ತಾನೆ. ಅದು ಗೆಲುವು ಹೌದಾ ಅಲ್ವಾ ಅಂತ ನಮ್ಮ ರೂಮಲ್ಲಿ ಇನ್ನೂ ಜಗಳ ಮುಗಿದಿಲ್ಲ.

ನಾಲ್ಕೂ ಜನ ಒಪ್ಪಿದ ಗೇಮ್ ಮಾತ್ರ 2016ರ 'ಡಾರ್ಕೆಸ್ಟ್ ಡಂಜನ್'. ನಾಲ್ಕು ವೀರರನ್ನ ಪಾಳು ಮನೆಯ ಅಡಿಗೆ ಕಳಿಸ್ತೀವಿ. ಅವರಿಗೆ ಪ್ರಾಣದ ಜೊತೆ ಸ್ಟ್ರೆಸ್ ಅಂತ ಇನ್ನೊಂದು ಲೆಕ್ಕ. ಅದು 100 ಮುಟ್ಟಿದ್ರೆ ಬಹುತೇಕ ಸಲ ಬುದ್ಧಿ ಕದಲುತ್ತೆ, ಅಪರೂಪಕ್ಕೆ ಒಬ್ಬ ಇನ್ನೂ ಗಟ್ಟಿಯಾಗ್ತಾನೆ. 200 ಮುಟ್ಟಿದ್ರೆ ಎದೆಯೇ ನಿಲ್ಲುತ್ತೆ. ಕೊನೆಯ ಕಾದಾಟದಲ್ಲಿ ಆ ದೈತ್ಯ ಒಬ್ಬನನ್ನ ಕೇಳುತ್ತೆ, ಯಾರು ಸಾಯಬೇಕು ಅಂತ ನಾವೇ ಆರಿಸಬೇಕು. ಹೀಗೆ ಎರಡು ಸಲ. ಅಷ್ಟಾಗಿ ಗೆದ್ದ ಮೇಲೂ ಅದು ನಿಜವಾಗಿ ಮುಗಿದಿಲ್ಲ, ಭೂಮಿಯ ಒಡಲಲ್ಲಿ ಇದ್ದೇ ಇದೆ ಅಂತ ಕಥೆ ಹೇಳುತ್ತೆ. ಹಾಗಾದ್ರೆ ಇಷ್ಟು ಹೊತ್ತು ನಾವು ಮಾಡಿದ್ದೇನು? ಹ್ಯಾಮ್ಲೆಟ್ ಅನ್ನೋ ಆ ಪುಟ್ಟ ಊರಿಗೆ ಒಂದಿಷ್ಟು ಜನರನ್ನ ಜೀವಂತ ವಾಪಸ್ ತಂದ್ವಿ. ಗೇಮ್ ಅದನ್ನೇ ಕೆಲಸ ಅಂತ ಲೆಕ್ಕ ಇಟ್ಟಿತ್ತು.

ಇದನ್ನ ಆಡ್ತಿದ್ದ ಸೆಮಿಸ್ಟರ್‌ನಲ್ಲೇ ನಮ್ಮ ಇ ಅಂಡ್ ಸಿ ಗೆಳೆಯನ ಅಪ್ಪನಿಗೆ ಎರಡೂ ಕಿಡ್ನಿ ಕೆಲಸ ನಿಲ್ಲಿಸಿವೆ ಅಂತ ಗೊತ್ತಾಯ್ತು. ಹೃದಯವೂ ಸೋತಿದ್ದರಿಂದ ಕಸಿ ಮಾಡೋ ಹಾಗಿಲ್ಲ ಅಂದ್ರಂತೆ ಡಾಕ್ಟರು. ವಾರಕ್ಕೆ ಮೂರು ಡಯಾಲಿಸಿಸ್, ಸೋಮವಾರ, ಬುಧವಾರ, ಶುಕ್ರವಾರ. ಅವನು ಊರಿಗೆ ಹೋದ. ಇಲ್ಲಿ ನಾವು ಮೂವರು ಇಂಜಿನಿಯರುಗಳು ಮಾಡೋ ಕೆಲಸವನ್ನೇ ಮಾಡಿದ್ವಿ: ಹುಡುಕಿದ್ವಿ, ಓದಿದ್ವಿ, ಸ್ಪ್ರೆಡ್‌ಶೀಟ್ ಮಾಡಿದ್ವಿ, ದಿನಾ ರಾತ್ರಿ ಫೋನ್ ಹಚ್ಚಿದ್ವಿ. ಒಂದು ರಾತ್ರಿ ಅವನು ನಕ್ಕು ಹೇಳಿದ: "ಲೋ, ಇದಕ್ಕೆ ವಾಕ್‌ಥ್ರೂ ಇಲ್ಲ ಕಣ್ರೋ. ಸುಮ್ನೆ ಮಾತಾಡ್ರೋ, ಅಪ್ಪನೂ ಕೇಳ್ತಾ ಕೂತವ್ರೆ." ಫೋನ್ ಸ್ಪೀಕರಲ್ಲಿತ್ತು. ಅವನಪ್ಪ ಇಸ್ಕೊಂಡು, "ಏನ್ರಪ್ಪಾ, ಊಟ ಆಯ್ತಾ?" ಅಂದ್ರು. ಹೇಗಿದ್ದೀರಿ ಅಂಕಲ್ ಅಂದಿದ್ದಕ್ಕೆ ಅವರು ಹೇಳಿದ್ದು ಇದು: "ಬಾಗಿಲ ಮೇಲೆ ನಾಳೆ ಬಾ ಅಂತ ಬರೀತಿದ್ವಲ್ಲಪ್ಪಾ, ಹಂಗೇ ಇದು. ವಾರಕ್ಕೆ ಮೂರು ಸಲ ಆ ಮಿಷಿನ್ನು ನಾಳೆ ಬಾ ಅಂತ ಬರೆದು ಕಳಿಸ್ತದೆ."

ನಾವೆಲ್ಲ ಹುಟ್ಟೋದಕ್ಕೆ ಮುಂಚಿನ ಮಾತು ಅದು. 1990ರ ದಶಕದಲ್ಲಿ ರಾತ್ರಿ ಹೊತ್ತು ಒಂದು ದೆವ್ವ ಬಾಗಿಲು ತಟ್ಟುತ್ತೆ ಅನ್ನೋ ಸುದ್ದಿ ಹಬ್ಬಿ, ಕರ್ನಾಟಕದಲ್ಲಿ ಎಷ್ಟೋ ಜನ ಮನೆ ಬಾಗಿಲಿಗೆ 'ನಾಳೆ ಬಾ' ಅಂತ ಬರೆದಿದ್ರು. ದೆವ್ವ ಓದಿ ವಾಪಸ್ ಹೋಗುತ್ತೆ, ಮರುದಿನ ಬಂದ್ರೆ ಮತ್ತೆ ಅದೇ ಬರಹ. ಪ್ರೋಗ್ರಾಮಿಂಗ್ ಭಾಷೆಯಲ್ಲಿ ಹೇಳಿದ್ರೆ ಇನ್‌ಫಿನಿಟ್ ಲೂಪ್. ಅದನ್ನ ಹೊಡೆಯೋಣ, ಕಟ್ಟಿ ಹಾಕೋಣ ಅನ್ನೋ ಮಾತೇ ಇಲ್ಲ. ಇವತ್ತಿನ ರಾತ್ರಿ ಮನೆಯವರು ನೆಮ್ಮದಿಯಾಗಿ ಮಲಗಿದ್ರೆ ಆಯ್ತು. ಅಜಥಾತ್ ಏಳದ ಹಾಗೆ ದ್ವಾರ ಮುಚ್ಚೋರು ಮಾಡ್ತಿದ್ದುದೂ ಇದನ್ನೇ.

ಅಲ್ಲಿಂದ ಫೋನ್ ಮಾತಿನ ರೀತಿ ಬದಲಾಯ್ತು. ಮಂಗಳವಾರ, ಗುರುವಾರ, ಶನಿವಾರ, ಭಾನುವಾರ ಅವರದ್ದು. ಮಂಗಳವಾರ ಏನು ಅಡುಗೆ, ತೋಟಕ್ಕೆ ಯಾರು ಹೋದ್ರು, ಕ್ರಿಕೆಟ್‌ನಲ್ಲಿ ಯಾರು ಔಟ್ ಅಂತ ಮಾತು. ಅವನು ಬ್ಯಾಕ್‌ಲಾಗ್ ಇಟ್ಕೊಂಡೇ ಮರಳಿ ಬಂದ, ಈಗ ಕ್ಲಿಯರ್ ಮಾಡ್ತಾ ಇದ್ದಾನೆ. ವಾರದ ಕೊನೆಗೆ ಊರಿಗೆ ಹೋಗ್ತಾನೆ. ಅಂಕಲ್ ಇದ್ದಾರೆ.

ನಾಲ್ಕು ವರ್ಷ ನಮಗೆ ಇಲ್ಲಿ ಸಿಗೋ ಲೆಕ್ಕಗಳಿಗೆಲ್ಲ ಪುಸ್ತಕದ ಹಿಂದೆ ಉತ್ತರ ಇರುತ್ತೆ. ಇರಲೇಬೇಕು, ಇಲ್ಲದಿದ್ರೆ ಸೇತುವೆ ನಿಲ್ಲಲ್ಲ. ಉತ್ತರ ಇಲ್ಲದ್ದರ ಎದುರು ಕೂತು ಏನು ಮಾಡಬೇಕು ಅನ್ನೋದಕ್ಕೆ ಮಾತ್ರ ಯಾವ ಪೇಪರೂ ಇಲ್ಲ. ಒಳ್ಳೇ ಕಾಸ್ಮಿಕ್ ಹಾರರ್ ಗೇಮ್ ಅದನ್ನ ಸಣ್ಣದಾಗಿ ಅಭ್ಯಾಸ ಮಾಡಿಸುತ್ತೆ ಅಂತ ನಮಗನ್ನಿಸುತ್ತೆ. ದೈತ್ಯನ ಪಟ್ಟಿ ತೆಗೆದಿಟ್ಟು, ನಮ್ಮ ಪಟ್ಟಿ ಕಡೆ ಕಣ್ಣು ತಿರುಗಿಸುತ್ತೆ: ಯಾರು ಸುಸ್ತಾಗಿದ್ದಾರೆ, ಯಾರ ದೀಪದಲ್ಲಿ ಎಣ್ಣೆ ಮುಗೀತಾ ಬಂತು, ಯಾರನ್ನ ವಾಪಸ್ ಕರ್ಕೊಂಡು ಹೋಗಬೇಕು.

ನಮ್ಮ ಕ್ಯಾಂಪಸ್‌ನಲ್ಲೇ ಗೇಮ್ ಮಾಡೋರಿದ್ದೀರಿ. ಮುಂದಿನ ಸಲ ದೊಡ್ಡ ಬಾಸ್ ಬರೆಯುವಾಗ ಒಮ್ಮೆ ಆ ಹೆಲ್ತ್ ವೇರಿಯಬಲ್ ಅಳಿಸಿ ನೋಡಿ. ಗೆದ್ದರೋ ಸೋತರೋ ಅಂತ ಕೇಳೋ ಬದಲು ಎಷ್ಟು ಜನ ಮನೆ ಸೇರಿದ್ರು ಅಂತ ಎಣಿಸೋ ಕೋಡ್ ಬರೀರಿ. ಟೆಸ್ಟ್ ಮಾಡೋಕೆ ಜನ ಬೇಕಾದ್ರೆ ನಮ್ಮ ರೂಮಿಗೆ ಬನ್ನಿ, ನಾಲ್ಕು ಜನ ಇದ್ದೀವಿ. ಶನಿವಾರ, ಭಾನುವಾರ ಮಾತ್ರ ಮೂರು.