ಲಂಡನ್ ಎಷ್ಟಾಯ್ತು?

ನಮ್ಮ ಮೂಡಿಗೆರೆ ಕಡೆ ಲಂಡನ್ ಅಂದ್ರೆ ಊರಲ್ಲ, ಒಂದು ನಂಬರು. "ಲಂಡನ್ ಎಷ್ಟಾಯ್ತು?" ಅಂತ ಒಬ್ಬರು ಕೇಳಿದ್ರೆ "ನಲವತ್ತು ಬಿದ್ದಿದೆ ಮಾರಾಯ" ಅಂತ ಇನ್ನೊಬ್ಬರು ಹೇಳ್ತಾರೆ. ರೋಬಸ್ಟಾ ಕಾಫಿಯ ವಾಯಿದೆ ವ್ಯಾಪಾರ ನಡೆಯೋದು ಲಂಡನ್ನಿನಲ್ಲಿ, ಟನ್ನಿಗೆ ಇಷ್ಟು ಡಾಲರ್ ಅಂತ. ಅರೇಬಿಕಾದ್ದು ನ್ಯೂಯಾರ್ಕಿನಲ್ಲಿ, ಪೌಂಡ್ ತೂಕಕ್ಕೆ ಇಷ್ಟು ಸೆಂಟ್ ಅಂತ. ಲಂಡನ್ ಮಾರುಕಟ್ಟೆ ಬೆಳಿಗ್ಗೆ ಬಾಗಿಲು ತೆಗೆಯೋ ಹೊತ್ತಿಗೆ ಇಲ್ಲಿ ಮಧ್ಯಾಹ್ನದ ಊಟ ಮುಗಿದಿರುತ್ತೆ. ನಮ್ಮ ದೊಡ್ಡಪ್ಪ ಎಲೆ ಅಡಿಕೆ ಹಾಕ್ಕೊಂಡು ಜಗುಲಿಯಲ್ಲಿ ಕೂತು ಮೊಬೈಲ್ ತೆಗೆಯೋ ಸಮಯ ಅದು.

ಅವರಿಗೋಸ್ಕರ ನಾನೊಂದು ಎಕ್ಸೆಲ್ ಶೀಟ್ ಮಾಡಿಕೊಟ್ಟಿದ್ದೀನಿ. ಲಂಡನ್ ರೇಟು, ಡಾಲರಿಗೆ ಎಷ್ಟು ರೂಪಾಯಿ, ಹಡಗಿನ ಬಾಡಿಗೆ, ಕ್ಯೂರಿಂಗ್ ಖರ್ಚು, ಆಮೇಲೆ ಓಟಿ. ಓಟಿ ಅಂದ್ರೆ 50 ಕೆಜಿ ಒಣಗಿದ ಚೆರಿ ಹಾಕಿದ್ರೆ ಎಷ್ಟು ಕೆಜಿ ಬೀಜ ಬರುತ್ತೆ ಅನ್ನೋ ಲೆಕ್ಕ. ಇವೆಲ್ಲ ತುಂಬಿದ್ರೆ ಒಂದು ಚೀಲಕ್ಕೆ ಎಷ್ಟು ಸಿಗಬೇಕು ಅಂತ ಕೆಳಗೆ ಬರುತ್ತೆ. ಜಾಗತೀಕರಣಕ್ಕೆ ವ್ಯಾಪಾರ, ಸಾರಿಗೆ, ಸಂಪರ್ಕ, ಹಣಕಾಸು ಅಂತ ಕಾರಣ ಬರೆದು ಶಾಲೆಯಲ್ಲಿ ಮಾರ್ಕ್ಸ್ ತಗೊಂಡಿದ್ವಲ್ಲ, ಅವಷ್ಟೂ ಆ ಶೀಟಿನಲ್ಲಿ ಸಾಲಾಗಿ ಕೂತಿವೆ.

ಈ ಗಿಡವೇ ಹೊರಗಿನದು ಬಿಡಿ. 17ನೇ ಶತಮಾನದಲ್ಲಿ ಬಾಬಾ ಬುಡನ್ ಯೆಮೆನ್ನಿನಿಂದ ಏಳು ಬೀಜ ತಂದ ಕಥೆ ಎಲ್ಲರಿಗೂ ಗೊತ್ತಿರೋದೇ. ನನಗೆ ಅದಕ್ಕಿಂತ ಇಷ್ಟವಾದದ್ದು ಹಡಗಿನ ಕಥೆ. ಹಾಯಿ ಹಡಗಿನ ಕಾಲದಲ್ಲಿ ಮಲಬಾರ್ ಕರಾವಳಿಯಿಂದ ಹೊರಟ ಕಾಫಿ ಆಫ್ರಿಕಾದ ತುದಿ ಸುತ್ತಿಕೊಂಡು ಯುರೋಪ್ ಸೇರೋಕೆ ತಿಂಗಳುಗಟ್ಟಲೆ ಆಗ್ತಿತ್ತು. ಸಮುದ್ರದ ತೇವಕ್ಕೆ ಬೀಜ ಊದಿಕೊಂಡು, ಹಸಿರು ಬಣ್ಣ ಹೋಗಿ ತಿಳಿ ಹಳದಿಯಾಗಿ, ಹುಳಿಯೆಲ್ಲ ಇಳಿದುಹೋಗ್ತಿತ್ತು. ನಮ್ಮ ಲೆಕ್ಕದಲ್ಲಿ ಅದು ಕೆಟ್ಟ ಮಾಲು. ಅಲ್ಲಿಯವರ ನಾಲಿಗೆಗೆ ಮಾತ್ರ ಅದೇ ರುಚಿ ಹತ್ತಿತ್ತು. 1869ರಲ್ಲಿ ಸೂಯೆಜ್ ಕಾಲುವೆ ತೆರೀತು, ಉಗಿ ಹಡಗುಗಳೂ ಬಂದವು, ಪ್ರಯಾಣ ಚಿಕ್ಕದಾಯ್ತು. ಕಾಫಿ ಕೆಡದೆ ತಲುಪೋಕೆ ಶುರುವಾಯ್ತು. ಆಗ ಗಿರಾಕಿಗಳು "ಇದು ಆ ಕಾಫಿ ಅಲ್ಲ" ಅಂದ್ರಂತೆ! ಕೊನೆಗೆ ಜೂನಿನಿಂದ ಸೆಪ್ಟೆಂಬರ್ ತನಕ ಕರಾವಳಿಯ ಗೋಡೌನುಗಳಲ್ಲಿ ಬೀಜ ಹರಡಿ, ಮಳೆಗಾಲದ ಗಾಳಿ ಕುಡಿಸಿ, ಹಡಗು ತಾನಾಗೇ ಮಾಡ್ತಿದ್ದ ಕೆಲಸವನ್ನ ನಾವು ಕೈಯಾರೆ ಮಾಡಬೇಕಾಯ್ತು. 'ಮಾನ್ಸೂನ್ಡ್ ಮಲಬಾರ್' ಅಂತ ಇವತ್ತಿಗೂ ಮಂಗಳೂರು ಕಡೆ ತಯಾರಾಗೋದು ಅದೇ.

2023ರ ಕೊನೆಗೆ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದಾಗ ಬಹಳಷ್ಟು ಹಡಗುಗಳು ಮತ್ತೆ ಆಫ್ರಿಕಾ ಸುತ್ತೋಕೆ ಹೊರಟವು. ನಮ್ಮ ದೇಶದ ಕಾಫಿಯ ಅತಿ ದೊಡ್ಡ ಗಿರಾಕಿ ಇಟಲಿ, ದಾರಿ ಸೂಯೆಜ್ ಮೂಲಕವೇ. ಬಾಡಿಗೆ ಏರಿತು, ದಿನಗಳು ಜಾಸ್ತಿಯಾದವು. ಆದ್ರೆ ಕಾಫಿ ಈಗ ಹೋಗೋದು ಮುಚ್ಚಿದ ಕಂಟೈನರಿನಲ್ಲಿ, ಹಾಗಾಗಿ ಬಿಟ್ಟಿ ಮಾನ್ಸೂನ್ ಯಾರಿಗೂ ಸಿಗಲಿಲ್ಲ :-)

ವ್ಯಾಪಾರದ ಕಥೆ ಇಷ್ಟು ತಮಾಷೆಯದಲ್ಲ. ದಶಕಗಳ ಕಾಲ ಬೆಳೆಗಾರರು ಬೆಳೆದದ್ದನ್ನೆಲ್ಲ ಕಾಫಿ ಬೋರ್ಡಿನ ಪೂಲ್‌ಗೆ ಕೊಡಬೇಕಿತ್ತು, ದುಡ್ಡು ಕಂತಿನಲ್ಲಿ ಬರ್ತಿತ್ತು. ಅಂತಾರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ 1989ರಲ್ಲಿ ಮುರಿದುಬಿತ್ತು. ನಮ್ಮಲ್ಲೂ 90ರ ದಶಕದಲ್ಲಿ ಮಾರಾಟ ಮುಕ್ತವಾಯ್ತು. 1994ರಲ್ಲಿ ಬ್ರೆಜಿಲ್ಲಿನಲ್ಲಿ ಹಿಮ ಬಿದ್ದು ಅಲ್ಲಿನ ಬೆಳೆ ಸುಟ್ಟುಹೋದಾಗ ರೇಟು ಹಾರಿತು, ನಮ್ಮ ಕಡೆ ಜೀಪು, ತಾರಸಿ ಮನೆ ಎಲ್ಲ ಬಂದದ್ದು ಆಗಲೇ ಅಂತಾರೆ ಅಪ್ಪ. ಆಮೇಲೆ ವಿಯೆಟ್ನಾಂ ರೋಬಸ್ಟಾವನ್ನ ರಾಶಿ ರಾಶಿ ಬೆಳೆಯೋಕೆ ಶುರು ಮಾಡ್ತು. 2001ರ ಹೊತ್ತಿಗೆ ದಶಕಗಳಿಂದ ಕಾಣದಷ್ಟು ಕೆಳಗೆ ರೇಟು ಕುಸಿದಿತ್ತು. ಕೊಯ್ಲಿನ ಕೂಲಿಯೂ ಹುಟ್ಟದೆ ಎಷ್ಟೋ ಜನ ಹಣ್ಣನ್ನ ಗಿಡದಲ್ಲೇ ಬಿಟ್ರಂತೆ. ನಮ್ಮ ಮನೆಯವರು ಹಳ್ಳದ ಆಚೆಯ ತೋಟ ಮಾರಿದ್ದೂ ಆಗಲೇ. ವಿಯೆಟ್ನಾಂ ಎಲ್ಲಿದೆ ಅಂತ ಸರಿಯಾಗಿ ಗೊತ್ತಿಲ್ಲದವರ ಜಮೀನು ವಿಯೆಟ್ನಾಮಿನಿಂದ ಹೋಯ್ತು.

ಆಗೆಲ್ಲ ರೇಟು ಅಂದ್ರೆ ಪೇಟೆಯ ವ್ಯಾಪಾರಿ ಹೇಳಿದ್ದೇ. ಈಗ ಹಾಗಿಲ್ಲ, ವ್ಯಾಪಾರಿಗೂ ದೊಡ್ಡಪ್ಪನಿಗೂ ಒಂದೇ ಕ್ಷಣಕ್ಕೆ ಲಂಡನ್ ಕಾಣುತ್ತೆ. ನಮ್ಮಂಥ ಸಾಫ್ಟ್‌ವೇರಿನವರು "ಮಾಹಿತಿ ಎಲ್ಲರಿಗೂ ಸಮಾನವಾಗಿ ಸಿಕ್ಕಿತು" ಅಂತ ಹೆಮ್ಮೆಪಡೋ ಜಾಗ ಇದು. ನನಗೆ ಈಚೆಗೆ ಆ ಹೆಮ್ಮೆ ಅಷ್ಟಿಲ್ಲ.

ಕಾರಣ ಪಕ್ಕದ ತೋಟದವರು. ಅವರದ್ದು ಎರಡೂವರೆ ಎಕರೆ. ದೇಶದ ಕಾಫಿ ಹಿಡುವಳಿಗಳಲ್ಲಿ ನೂರಕ್ಕೆ 98ಕ್ಕಿಂತ ಹೆಚ್ಚು ಸಣ್ಣವರದ್ದೇ, ಇವರು ಅದರಲ್ಲೂ ಸಣ್ಣವರು. 2024ರಲ್ಲಿ ವಿಯೆಟ್ನಾಮಿನಲ್ಲಿ ಬರ ಬಂದು ಲಂಡನ್ ತಿಂಗಳಿಂದ ತಿಂಗಳಿಗೆ ಏರ್ತಾ ಹೋಯ್ತು. ಸೆಪ್ಟೆಂಬರಿನಲ್ಲಿ ಟನ್ನಿಗೆ 5000 ಡಾಲರ್ ದಾಟಿತು. ದೊಡ್ಡಪ್ಪ ಕಾದರು, ಗಳಿಸಿದರು. ಪಕ್ಕದವರು ಫೆಬ್ರವರಿಯಲ್ಲೇ ಕಣದಿಂದ ನೇರ ಕೊಟ್ಟಿದ್ರು, ಸೊಸೈಟಿ ಸಾಲದ ಕಂತು, ಮಗಳ ಕಾಲೇಜು ಫೀಸು. ರೇಟು ಏರುತ್ತೆ ಅನ್ನೋ ಮಾತು ಅವರ ವಾಟ್ಸಾಪಿಗೂ ಬಂದಿತ್ತು. 2025ರಲ್ಲಿ ತಿರುಗಾಮುರುಗಾ. ವರ್ಷದ ಶುರುವಿನಲ್ಲಿ 5500ರ ಮೇಲಿದ್ದದ್ದು ಜುಲೈ ಹೊತ್ತಿಗೆ 4000ಕ್ಕಿಂತ ಕೆಳಗೆ ಬಂತು. ಮತ್ತೆ ಕಾದಿದ್ದ ದೊಡ್ಡಪ್ಪನಿಗೆ ಪೆಟ್ಟು ಬಿತ್ತು, ಪಕ್ಕದವರಿಗೆ ಒಳ್ಳೆ ರೇಟು ಸಿಕ್ಕಿತ್ತು. ಆದ್ರೆ ದೊಡ್ಡಪ್ಪ ಎರಡೂ ಸಲ ಲೆಕ್ಕ ಹಾಕಿ ತೀರ್ಮಾನ ಮಾಡಿದವರು. ಇವರಿಗೆ ಎರಡು ವರ್ಷವೂ ತಾರೀಖು ಗೊತ್ತುಮಾಡಿದ್ದು ಸಾಲದ ಪಾಸ್‌ಬುಕ್ಕು.

ಇಂಥ ಏರಿಳಿತಕ್ಕೆಂದೇ ವಾಯಿದೆ ಮಾರುಕಟ್ಟೆ ಇರೋದು, ಮೊದಲೇ ರೇಟು ಕಟ್ಟಿಹಾಕಬಹುದು ಅಂತ ಯಾರಾದ್ರೂ ಹೇಳಬಹುದು. ಲಂಡನ್ನಿನಲ್ಲಿ ಒಂದು ಲಾಟ್ ಅಂದ್ರೆ 10 ಟನ್. ಅದಕ್ಕೆ ಮಾರ್ಜಿನ್ ದುಡ್ಡು, ರೇಟು ತಿರುಗಿದ್ರೆ ದಿನಾ ಮೇಲೆ ಕಟ್ಟೋ ದುಡ್ಡು. ಎರಡೂವರೆ ಎಕರೆಯವರು ಹತ್ತು ಟನ್ನು ಒಟ್ಟು ಮಾಡೋಕೆ ವರ್ಷಗಳೇ ಬೇಕು. ನಂಬರು ಜಗುಲಿ ತನಕ ಬಂದಿದೆ, ಹೆಬ್ಬಾಗಿಲು ಮಾತ್ರ ಹತ್ತು ಟನ್ನಿನ ಅಳತೆಯಲ್ಲೇ ಇದೆ.

ನನ್ನ ಶೀಟಿಗೆ ಈಗೊಂದು ಕಾಲಮ್ಮು ಸೇರಿಸಿದ್ದೀನಿ. ಎಷ್ಟು ತಿಂಗಳು ಕಾದರೆ ಸಾಲದ ಬಡ್ಡಿ ಎಷ್ಟು, ಗೋಡೌನ್ ಬಾಡಿಗೆ ಎಷ್ಟು ಅಂತ. ದೊಡ್ಡಪ್ಪನಿಗೆ ಅದು ಬೇಕಿಲ್ಲ, ಮನೆ ಹಿಂದೆಯೇ ಉಗ್ರಾಣ ಇದೆ. ಪಕ್ಕದವರು ಕೇಳಿ ತಗೊಂಡ್ರು. ಮುಂದಿನ ಕೊಯ್ಲಿಗೆ ಅರ್ಧ ಕಣದಿಂದಲೇ ಕೊಟ್ಟು, ಉಳಿದರ್ಧ ಇಡೋಕೆ ನಾಲ್ಕೈದು ಮನೆಯವರು ಸೇರಿ ಜಾಗ ಹುಡುಕ್ತಿದ್ದಾರೆ. ಊರಿನ ಹಳೇ ರೈಸ್ ಮಿಲ್ಲೊಂದು ಖಾಲಿ ಬಿದ್ದಿದೆ. ಸೂರು ಸೋರುತ್ತೆ, ರಿಪೇರಿ ಯಾರು ಮಾಡಿಸಬೇಕು ಅನ್ನೋದೇ ಇನ್ನೂ ಬಗೆಹರಿದಿಲ್ಲ.