ಫರ್ನಾಂಡಿನಾದಿಂದ ಅಕ್ಕನಿಗೆ

ಪ್ರೀತಿಯ ಅಕ್ಕಾ,

"ಬರೇ ಕಲ್ಲು ನೋಡಾಕ ಅಷ್ಟು ದೂರ ಯಾಕ ಹೊಂಟೀ?" ಅಂತ ಫೋನಿನಲ್ಲಿ ಕೇಳಿದ್ದೆಯಲ್ಲ, ಆಗ ಹೊರಡುವ ಗಡಿಬಿಡಿ, ಉತ್ತರ ಕೊಡಲಾಗಲಿಲ್ಲ. ಈಗ ಹಡಗಿನಲ್ಲಿ ಕೂತು ಬರೆಯುತ್ತಿದ್ದೇನೆ. ಅಕ್ಷರ ಓಲಾಡಿದರೆ ಅದು ಸಮುದ್ರದ ತಪ್ಪು.

ಗಲಾಪಗಸ್ ದ್ವೀಪಗಳು ಈಕ್ವೆಡಾರ್ ದೇಶದವು. ಅಲ್ಲಿನ ಕರಾವಳಿಯಿಂದ ಪಶ್ಚಿಮಕ್ಕೆ ಸುಮಾರು 1000 ಕಿ.ಮೀ. ಆಚೆ, ಶಾಂತಸಾಗರದ ನಡುವೆ ಇವೆ. ಅವುಗಳಲ್ಲಿ ತೀರ ಎಳೆಯದು ಪಡುವಣದ ಫರ್ನಾಂಡಿನಾ. ದ್ವೀಪ ಅಂದರೆ ಒಂದೇ ಜ್ವಾಲಾಮುಖಿ, ಹೆಸರು ಲಾ ಕುಂಬ್ರೆ. 2024ರ ಮಾರ್ಚ್‌ನಲ್ಲೂ ಬೆಂಕಿ ಉಗುಳಿದೆ. ಇಲ್ಲಿ ಊರಿಲ್ಲ, ಮನೆಯಿಲ್ಲ. ಮನುಷ್ಯರ ಹಿಂದೆ ಬೇರೆ ದ್ವೀಪಗಳಿಗೆ ಬಂದ ಇಲಿ, ಬೆಕ್ಕು, ಮೇಕೆಗಳು ಇಲ್ಲಿ ಬೇರೂರಿಲ್ಲ. ನಾವು ಇಳಿದದ್ದು ಪುಂಟಾ ಎಸ್ಪಿನೋಸಾ ಎಂಬ ಭೂಚಾಚಿನಲ್ಲಿ, ಅದೂ ಗೈಡ್ ಜೊತೆಗಿದ್ದರೆ ಮಾತ್ರ ಇಳಿಯಲು ಬಿಡುತ್ತಾರೆ.

ಮೊದಲು ಕಲ್ಲಿನ ಮಾತು. ಕೊಪ್ಪರಿಗೆಯಿಂದ ಸುರಿದ ಬೆಲ್ಲದ ಪಾಕ ಆರುತ್ತಾ ಮೇಲೆ ನೆರಿಗೆ ಕಟ್ಟುತ್ತದಲ್ಲ, ಲಾವಾ ಹಾಗೇ ನೆರಿಗೆ ನೆರಿಗೆಯಾಗಿ ಹೆಪ್ಪುಗಟ್ಟಿದೆ. ಕಪ್ಪು, ಹೊಳಪು. ಕೆಲವು ಕಡೆ ಮೇಲಿನ ಹಾಳೆ ಎಷ್ಟು ತೆಳ್ಳಗೆಂದರೆ ಕಾಲಿಟ್ಟರೆ ಗಾಜಿನ ಚೂರು ತುಳಿದ ಸದ್ದು. ಬೂಟಿನ ಅಟ್ಟೆ ದಾಟಿ ಬಿಸಿ ಅಂಗಾಲಿಗೆ ಹತ್ತುತ್ತದೆ. ಬಿರುಕುಗಳಲ್ಲಿ ಲಾವಾ ಕಳ್ಳಿ, ಮೊಣಕಾಲುದ್ದವೂ ಇಲ್ಲ. ಹೊಸ ಚಿಗುರು ಹಳದಿ, ಹಳತಾದದ್ದು ಬೂದಿ ಬಣ್ಣ. ಹಸಿ ಲಾವಾದ ಮೇಲೆ ಮೊದಮೊದಲು ಬೇರು ಬಿಡುವ ಧೈರ್ಯ ಇದರದ್ದೇ.

ನಿನ್ನ ಎರಿಹೊಲವೂ ಒಂದು ಕಾಲಕ್ಕೆ ಇಂಥದೇ ಬಂಡೆಯಾಗಿತ್ತು ಅಕ್ಕಾ. ಸುಮಾರು 6.6 ಕೋಟಿ ವರ್ಷದ ಹಿಂದೆ ದಖ್ಖನ್ನಿನಲ್ಲಿ ಪದರ ಪದರವಾಗಿ ಹರಿದ ಲಾವಾ ಬಿಸಿಲು ಮಳೆಗೆ ಸವೆದು ವಿಜಯಪುರದ ಕಪ್ಪು ಮಣ್ಣಾಯಿತು. ನೀನು ಬಿಳಿಜೋಳ ಬಿತ್ತುವುದು ಅದರಲ್ಲೇ. ಇನ್ನೊಮ್ಮೆ ಫೋನಿನಲ್ಲಿ ಕಲ್ಲನ್ನು ಹಳಿಯಬೇಡ.

ಆದರೆ ಇಲ್ಲಿಯ ಕಲ್ಲು ಸದ್ಯಕ್ಕೆ ಹೆಚ್ಚೇನೂ ಬೆಳೆಯದು. ಹಾಗಾದರೆ ಇಷ್ಟೊಂದು ಜೀವಗಳು ತಿನ್ನುವುದೇನು? ನೆಲದ ಕಡೆ ಬೆನ್ನು ತಿರುಗಿಸಿ ನಿಂತರೆ ಉತ್ತರ ಕಾಣುತ್ತದೆ. ಆಳದಲ್ಲಿ ಪಶ್ಚಿಮದಿಂದ ಬರುವ ಕ್ರಾಮ್‌ವೆಲ್ ಪ್ರವಾಹ ದ್ವೀಪಕ್ಕೆ ಡಿಕ್ಕಿ ಹೊಡೆದು ಮೇಲೇಳುತ್ತದೆ. ತಣ್ಣೀರು, ಅದರ ಜೊತೆ ತಳದ ಸತ್ವ. ಪಾಚಿ, ಮೀನು ಎಲ್ಲ ಅದರಿಂದ. ಸಮಭಾಜಕ ವೃತ್ತದ ಮೇಲೆಯೇ ಪೆಂಗ್ವಿನ್ ಬದುಕುವುದೂ ಈ ತಣ್ಣೀರಿನ ದೆಸೆಯಿಂದ.

ಕಲ್ಲೆಂದು ನೋಡುತ್ತಿದ್ದದ್ದು ಸೀನಿತು. ಸಮುದ್ರ ಇಗುವಾನಾ, ನಮ್ಮ ಉಡದಂಥ ಪ್ರಾಣಿ. ಕಡಲಿಗಿಳಿದು ಮೇಯುವ ಹಲ್ಲಿಜಾತಿ ಜಗತ್ತಿನಲ್ಲಿ ಇದೊಂದೇ. ನೂರಾರು, ಒಂದರ ಮೇಲೊಂದು ಬಿದ್ದುಕೊಂಡಿದ್ದವು. ತಣ್ಣೀರಲ್ಲಿ ಮುಳುಗಿ ಪಾಚಿ ಕೆರೆದು ತಿಂದು ಬಂದ ಮೈಗೆ ಬಿಸಿಲು ಬೇಕು, ಕಪ್ಪು ಬಣ್ಣ ಅದನ್ನು ಬೇಗ ಹೀರುತ್ತದೆ. ನುಂಗಿದ ಉಪ್ಪನ್ನು ಮೂಗಿನ ಗ್ರಂಥಿಯಿಂದ ಚಿಮ್ಮಿಸುತ್ತವೆ. ಅದು ನೆತ್ತಿಯ ಮೇಲೇ ಬಿದ್ದು ಒಣಗಿ ಬೆಳ್ಳಗೆ ಹೊಪ್ಪಳಿಕೆ ಕಟ್ಟಿರುತ್ತದೆ. 1835ರಲ್ಲಿ ಬಂದ ಡಾರ್ವಿನ್‌ಗೆ ಇವು ಅಸಹ್ಯವಾಗಿ ಕಂಡಿದ್ದವಂತೆ. ನನಗೇನೋ ಮುದ್ದೆನಿಸಿದವು. ಎಲ್ ನಿನೋ ವರ್ಷ ನೀರು ಬೆಚ್ಚಗಾಗಿ ಪಾಚಿ ಕರಗುತ್ತದೆ. ಆಗ ಇವು ಸೊರಗುವುದಷ್ಟೇ ಅಲ್ಲ, ಉದ್ದದಲ್ಲೇ ಶೇ. 20ರವರೆಗೆ ಕುಗ್ಗಿ, ಮೇವು ಮರಳಿದ ಮೇಲೆ ಮತ್ತೆ ಬೆಳೆಯುತ್ತವೆ! ಬರಗಾಲ ಕಂಡ ನಿನಗೆ ಇದರ ಮರ್ಮ ನನಗಿಂತ ಚೆನ್ನಾಗಿ ಗೊತ್ತಾದೀತು.

ಪ್ರಾಣಿಗಳಿಂದ 2 ಮೀಟರ್ ದೂರ ಇರಬೇಕೆಂಬುದು ನಿಯಮ. ನಾವು ಪಾಲಿಸಿದೆವು, ಅವು ಪಾಲಿಸಲಿಲ್ಲ. ಕಡಲಸಿಂಹದ ಮರಿಯೊಂದು ನೇರ ಬಂದು ನನ್ನ ಬೂಟು ಮೂಸಿತು. ಅದಕ್ಕೆ ಮನುಷ್ಯರಿಂದ ಏಟು ತಿಂದ ನೆನಪೇ ಇಲ್ಲ ನೋಡು.

ನನ್ನ ಮನಸ್ಸು ಕದ್ದದ್ದು ಮಾತ್ರ ಹಾರಲಾರದ ನೀರುಕಾಗೆ. ಇಡೀ ಜಗತ್ತಿನಲ್ಲಿ ಇದಿರುವುದು ಇಲ್ಲಿ ಮತ್ತು ಎದುರಿನ ಇಸಬೆಲಾದಲ್ಲಿ. ಬೆನ್ನಟ್ಟುವ ಶತ್ರುವಿಲ್ಲ, ಮೀನು ದಡದಲ್ಲೇ ಇದೆ. ಹಾರಿ ಹೋಗುವುದಾದರೂ ಎಲ್ಲಿಗೆ? ತಲೆಮಾರು ಕಳೆದಂತೆ ರೆಕ್ಕೆ ಮೊಟಕಾಯಿತು. ಆದರೂ ನೀರಿಂದ ಎದ್ದು ಬಂದು, ಹರಕು ಮೋಟು ರೆಕ್ಕೆ ಎರಡನ್ನೂ ಅಗಲಿಸಿ ಗಂಭೀರವಾಗಿ ಒಣಗಿಸಿಕೊಳ್ಳುತ್ತದೆ. ಗಂಡು ಕಡಲಪಾಚಿ ಕಚ್ಚಿ ತಂದು ಗೂಡಿನಲ್ಲಿ ಕೂತ ಹೆಣ್ಣಿಗೆ ಒಪ್ಪಿಸಿತು. ಆಕೆ ಮುಖ ಕೂಡ ನೋಡದೆ ಕಸಿದುಕೊಂಡು ಗೂಡಿಗೆ ತುರುಕಿದಳು. ಮರಿ ಒಂದಿಷ್ಟು ದೊಡ್ಡದಾದ ಮೇಲೆ ಎಷ್ಟೋ ಹೆಣ್ಣುಗಳು ಅದನ್ನು ಅಪ್ಪನ ಪಾಲಿಗೆ ಬಿಟ್ಟು ಬೇರೆ ಜೋಡಿ ಹುಡುಕಿ ಹೊರಡುತ್ತವಂತೆ. ಗೈಡ್ ಇದನ್ನು ಹೇಳಿದಾಗ ನಾವು ಹೆಂಗಸರೆಲ್ಲ ಚಪ್ಪಾಳೆ ತಟ್ಟಿದೆವು. ಭಾವನಿಗೆ ಪತ್ರ ಓದಿ ಹೇಳುವಾಗ ಈ ಭಾಗ ಮಾತ್ರ ತಪ್ಪಿಸಬೇಡ.

ನಿನ್ನ ತಂಗಿ