ಲಂಗದ ದಾರದಡಿಯ ಗುಟ್ಟು

ಸೊಂಟದಲ್ಲಿ ಲಂಗದ ದಾರ ಬಿಗಿಯುವ ಜಾಗದಲ್ಲೇ ಹುಳುಕಡ್ಡಿ ಎದ್ದರೆ ಯಾರಿಗೆ ಹೇಳುವುದು? ನಾನಂತೂ ಹೇಳಲಿಲ್ಲ. ಪಾಂಡವಪುರದ ನಮ್ಮ ಮನೆಯಲ್ಲಿ ಅಡುಗೆಮನೆ ಬಾಗಿಲು ಮುಂದೆ ಮಾಡಿಕೊಂಡು ಕೆರೆದುಕೊಂಡೆ. ಔಷಧಿ ಅಂಗಡಿಯವನು ಕೊಟ್ಟ ಮುಲಾಮಿಗೆ ಮೂರೇ ದಿನದಲ್ಲಿ ತುರಿಕೆ ಮಾಯ. ಹಚ್ಚುವುದು ಬಿಟ್ಟೆ ನೋಡಿ, ರೂಪಾಯಿಯಗಲ ಇದ್ದದ್ದು ತಟ್ಟೆಯಗಲ ಆಯಿತು! ಶ್ರೀರಂಗಪಟ್ಟಣದ ಅಕ್ಕನ ಬಳಿಯೂ, ಕೆ.ಆರ್.ಪೇಟೆಯ ಓರಗಿತ್ತಿಯ ಬಳಿಯೂ ಅಂಥದ್ದೇ ಟ್ಯೂಬು ಇದೆಯೆಂದು ಒಂದು ಮದುವೆಮನೆಯಲ್ಲಿ ಬಯಲಾಯಿತು.

ಕೊನೆಗೆ ನಾಗಮಂಗಲ ತಾಲ್ಲೂಕಿನ ಬಿ.ಜಿ.ನಗರದ ಆದಿಚುಂಚನಗಿರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋದೆ. ವೈದ್ಯೆ ಕಲೆಯ ಅಂಚನ್ನು ಬ್ಲೇಡಿನಿಂದ ಮೆಲ್ಲಗೆ ಕೆರೆದರು. ಉದುರಿದ ಹೊಟ್ಟನ್ನು ಗಾಜಿನ ಮೇಲಿಟ್ಟು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿ ಬಿಟ್ಟರು. ಚರ್ಮದ ಚೂರು ಕರಗಿ ಶಿಲೀಂಧ್ರ ಮಾತ್ರ ಉಳಿಯುತ್ತದಂತೆ. "ನೋಡ್ತೀರಾ?" ಅಂದರು. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟೆ. ಕವಲೊಡೆದ ಸಣ್ಣ ಎಳೆಗಳು. ಹುಳುವೂ ಅಲ್ಲ, ಕಡ್ಡಿಯೂ ಅಲ್ಲ, ಬೂಷ್ಟು! ಮುಲಾಮಿನ ಸ್ಟೀರಾಯ್ಡು ಉರಿ ಅಡಗಿಸಿ, ಜೊತೆಗೆ ಚರ್ಮದ ಕಾವಲನ್ನೂ ಮಲಗಿಸಿತ್ತು. ಕಳ್ಳನಿಗೆ ಇನ್ನೇನು ಬೇಕು?

ಇದಕ್ಕೆ ನುಂಗುವ ಮದ್ದು ಸಿಕ್ಕಿದ್ದೂ ಪ್ರಯೋಗಾಲಯದಲ್ಲೇ. 1939ರಲ್ಲಿ ಇನ್ನೊಂದು ಬೂಷ್ಟಿನಿಂದಲೇ ಗ್ರೀಸಿಯೋಫಲ್ವಿನ್ ತೆಗೆದಿದ್ದರು. ಅದನ್ನು ತಿನ್ನಿಸಿದರೆ ಈ ರೋಗ ವಾಸಿಯಾಗುತ್ತದೆಂದು ಗಿನಿಯಿಲಿಗಳಲ್ಲಿ ಜೆಂಟಲ್ಸ್ ಎಂಬುವರು ತೋರಿಸಿದ್ದು 1958ರಲ್ಲಿ. ಆಮೇಲೆ ಟರ್ಬಿನಾಫಿನ್ ಬಂತು. ಬೂಷ್ಟಿನ ಜೀವಕೋಶದ ಪೊರೆಗೆ ಬೇಕಾದ ಎರ್ಗೊಸ್ಟೆರಾಲ್ ತಯಾರಾಗದಂತೆ ಅದು ಒಂದು ಕಿಣ್ವವನ್ನು ತಡೆಯುತ್ತದೆ. ಆದರೆ ನಮ್ಮ ದೇಶದಲ್ಲಿ ಈಚೆಗೆ ಎಷ್ಟೋ ಜನರಿಗೆ ಆ ಮಾತ್ರೆಯೂ ನಾಟುತ್ತಿಲ್ಲ. ಏಕೆಂದು ಹುಡುಕಿದರೆ, ಆ ಕಿಣ್ವದ ಜೀನಿನಲ್ಲೇ ಒಂದು ಸಣ್ಣ ಬದಲಾವಣೆ. ಬೀಗ ಬದಲಾದ ಮೇಲೆ ಹಳೆಯ ಕೀಲಿಕೈ ತಿರುಗೀತೇ? 2020ರಲ್ಲಿ ಜಪಾನಿನ ವಿಜ್ಞಾನಿಗಳು ಭಾರತ ಮತ್ತು ನೇಪಾಳದ ರೋಗಿಗಳಿಂದ ಬಂದ ಇಂಥ ಬೂಷ್ಟಿಗೆ ಟ್ರೈಕೊಫೈಟಾನ್ ಇಂಡೊಟಿನಿಯೆ ಎಂದು ಹೆಸರಿಟ್ಟರು. ದೇಶದ ಹೆಸರು ಎಲ್ಲೆಲ್ಲಿ ಸೇರಿಕೊಳ್ಳುತ್ತದೋ!

ನನಗೆ ಕೊಟ್ಟಿದ್ದು ಇಟ್ರಾಕೊನಜೋಲ್. ಅದೂ ಎರ್ಗೊಸ್ಟೆರಾಲನ್ನೇ ತಡೆಯುವುದು, ಆದರೆ ಬೇರೆ ಹಂತದಲ್ಲಿ. ತುರಿಕೆ ಹೋಯಿತೆಂದು ನಡುವೆ ನಿಲ್ಲಿಸಬೇಡಿ, ಮನೆಯವರನ್ನೂ ತೋರಿಸಿ, ಬಟ್ಟೆ ಬೇರೆ ಒಗೆದು ಬಿಸಿಲಲ್ಲಿ ಒಣಗಿಸಿ ಎಂದರು. ಲಂಗವನ್ನು ಸೀರೆಯ ಮರೆಯಲ್ಲಿ ಅರೆಬರೆ ಒಣಗಿಸುವುದನ್ನು ನನಗೆ ಅಮ್ಮ ಕಲಿಸಿದ್ದು.

ಈಗ ಅಂಗಳದ ತಂತಿಯ ಮೇಲೆ ಎಲ್ಲರಿಗೂ ಕಾಣುವಂತೆ ಹರವುತ್ತೇನೆ. ಎದುರುಮನೆಯಾಕೆ ನೋಡುತ್ತಾಳೆ, ನೋಡಲಿ. ಓರಗಿತ್ತಿ ಇನ್ನೂ ಅದೇ ಟ್ಯೂಬು ಹಿಂಡುತ್ತಿದ್ದಾಳಂತೆ. ಸೋಮವಾರ ಅವಳನ್ನು ಬಿ.ಜಿ.ನಗರಕ್ಕೆ ಹೊರಡಿಸಬೇಕು.